ತಿಪ್ಪೆಗೊಂದು ದೀಪ

ಹೊಸದುರ್ಗದ ನಮ್ಮ ಹೊಸ ಬಡಾವಣೆಯಲ್ಲಿ ಅತ್ತೆಗೆ ಎಲ್ಲವೂ ಹಿಡಿಸಿತ್ತು, ಒಂದನ್ನು ಬಿಟ್ಟು. ಇಲ್ಲಿ ತಿಪ್ಪೆ ಇರಲಿಲ್ಲ. ತಾಳ್ಯದ ಕಡೆ ಕುರಿ ಸಾಕಿದ ಮನೆಯವರು ಅವರು. ದೀಪಾವಳಿ ಸಂಜೆ ಹೊಸ್ತಿಲಿಗೆ ಇಟ್ಟಂತೆ ತಿಪ್ಪೆಗೂ ಒಂದು ದೀಪ ಇಡಬೇಕು, ಆಮೇಲೆಯೇ ಊಟ. ಇಲ್ಲಿಗೆ ಬಂದ ಮೊದಲ ವರ್ಷ ಹಣತೆ ಹಿಡಿದು ಹಿತ್ತಿಲನ್ನೆಲ್ಲ ಸುತ್ತಿ, ಕೊನೆಗೆ ಕಸದ ಗಾಡಿಗೆ ಕಾಯುತ್ತಿದ್ದ ಹಸಿರು ಪ್ಲಾಸ್ಟಿಕ್ ಬಕೆಟ್ಟಿನ ಮುಂದೆ ನಿಂತರು. ದೀಪ ಇಡದೆ ಒಳಗೆ ಬಂದರು. ಹೋಳಿಗೆ ಮುಟ್ಟಲಿಲ್ಲ.

ಮುಂದಿನ ದೀಪಾವಳಿಗೆ ತಿಪ್ಪೆ ಮಾಡಿಯೇ ತೀರುತ್ತೇನೆಂದು ಹಟ ತೊಟ್ಟೆ. ಹಟ ಹಿಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿಸಿದೆ. ತರಕಾರಿ ಸಿಪ್ಪೆ, ಬಾಡಿದ ಹೂವು, ಉದುರಿದ ಎಲೆ, ಏನು ಸಿಕ್ಕರೂ ಓಡಿಹೋಗಿ ಸುರಿದು ಬರುತ್ತಿದ್ದೆ. ಹಬ್ಬ ಹತ್ತಿರ ಬಂದಂತೆ, ಗುಡ್ಡೆ ಬೇಗ ಬೆಳೆಯಲೆಂಬ ಆತುರಕ್ಕೆ ಮಿಕ್ಕ ಸಾರು, ಹುಳಿ ಮಜ್ಜಿಗೆ, ಹಳಸಿದ ಅನ್ನವನ್ನೂ ಸೇರಿಸಿದೆ. ಅಲ್ಲಿಗೆ ಕೆಟ್ಟಿತು. ನಾತ ಗೋಡೆ ಹಾರಿತು.

ಹಿಂದಿನ ಮನೆಯ ನಿವೃತ್ತ ಮೇಷ್ಟ್ರು ಗೋಡೆಯಾಚೆಯಿಂದ ತಲೆ ಎತ್ತಿದರು. “ಏನ್ರಿ ಇದು, ಊಟಕ್ಕೆ ಕುಂತ್ಕಳಂಗಿಲ್ಲ. ಹಬ್ಬದೊಳಗೆ ವಾಸ್ನೆ ಹೋಗ್ಲಿಲ್ಲ ಅಂದ್ರೆ ಗಾಡಿಯವ್ರಿಗೆ ಹೇಳಿ ಎತ್ತಿಸ್ತೀನಿ.”

“ಗೊಬ್ಬರ ಆಗೋ ವಾಸ್ನೆ ಸರ್, ಶುರುವಿಗೆ ಹಂಗೇ,” ಎಂದು ತಿಪ್ಪೆ ಸಾರಿಸಿದೆ. ಅವರು ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಅತ್ತೆ ಕೋಲು ಹಾಕಿ ಕೆದಕಿ ನೋಡಿದರು. “ತಿಪ್ಪೆಗೆ ಮಜ್ಜಿಗೆ ಅನ್ನ ಉಣಿಸ್ತಾರೇನೆ? ಅದೇನು ಬೀಗ್ರಾ?”

ಇಬ್ಬರೂ ಸೆರಗು ಸಿಕ್ಕಿಸಿ ನಿಂತೆವು. ಕೊಳೆತದ್ದನ್ನೆಲ್ಲ ಎತ್ತಿ ಹರಡಿದೆವು. ಒಣ ತೆಂಗಿನ ಗರಿಯನ್ನು ಮಚ್ಚಿನಿಂದ ಕೊಚ್ಚಿದೆವು. ಅತ್ತೆಯ ತಮ್ಮ ತಾಳ್ಯದಿಂದ ಬೈಕಿನ ಮೇಲೆ ಒಂದು ಚೀಲ ಕುರಿ ಹಿಕ್ಕೆ ತಂದು ಇಳಿಸಿದರು. ಒಂದು ಪದರ ಗರಿ, ಒಂದು ಪದರ ಕಸ, ಮೇಲೆ ಹಿಕ್ಕೆ, ಮಣ್ಣು. ಆಮೇಲೆ ನನ್ನದು ಒಂದೇ ಕೆಲಸ. ಬೆಳಗಾದರೆ ಗೋಡೆಯ ಪಕ್ಕ ನಿಂತು ಮೂಸುವುದು. ಹಬ್ಬದ ಹಿಂದಿನ ದಿನ ಮೂಸಿದರೆ ಬರೀ ಹಸಿ ಮಣ್ಣಿನ ವಾಸನೆ. ಕೈಯಿಟ್ಟರೆ ಒಳಗೆ ಬೆಚ್ಚಗಿತ್ತು. ಕುಣಿದುಬಿಡುವಷ್ಟು ಖುಷಿಯಾಯಿತು. ಬಚ್ಚಲಲ್ಲಿದ್ದ ಅತ್ತೆಯನ್ನು ಕೂಗಿ ಕರೆದು ಅವರ ಕೈಯನ್ನೂ ಇಡಿಸಿದೆ.

ಹಬ್ಬದ ಸಂಜೆ ಅತ್ತೆ ತಿಪ್ಪೆಗೆ ಚೆಂಡುಹೂವು ಸಿಕ್ಕಿಸಿ ಹಣತೆ ಇಟ್ಟರು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮೇಷ್ಟ್ರು, ಹಿಂದೆಯೇ ಅವರ ಹೆಂಡತಿ. ಮೇಷ್ಟ್ರು ಗುಂಡಿಯ ಹತ್ತಿರ ಬಗ್ಗಿ ಮೂಸಿದರು, ಇನ್ನೊಂದು ಪಕ್ಕಕ್ಕೆ ಹೋಗಿ ಅಲ್ಲೂ ಮೂಸಿದರು. ಅವರ ಹೆಂಡತಿ ಸೆರಗಿನ ಮರೆಯಿಂದ ಒಂದು ದೀಪ ತೆಗೆದರು.

“ಈ ಮನೆಗೆ ಬಂದಾಗಿಂದ ತಿಪ್ಪೆಗೆ ದೀಪ ಇಟ್ಟೇ ಇಲ್ಲ ಕಣ್ರಿ. ನಮ್ದೂ ಒಂದು ಇಡ್ಲಾ?”

“ಇಡವ್ವ,” ಎಂದರು ಅತ್ತೆ. “ನಾಳೆಯಿಂದ ಕಸಾನೂ ತಂದು ಹಾಕು. ಬರೀ ದೀಪಕ್ಕೆ ತಿಪ್ಪೆ ತುಂಬಲ್ಲ.”

“ಮಜ್ಜಿಗೆ ತರಂಗಿಲ್ಲ, ಅಲ್ವಾ?” ಎಂದು ಮೇಷ್ಟ್ರು ನನ್ನ ಕಡೆ ನೋಡಿದರು.

ಆ ದಿನ ಊಟಕ್ಕೆ ಕೂತ ಅತ್ತೆ ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡರು.