ಜನಾನಾ ಬಾಗಿಲಿನ ಗಲ್ಲಿ

ಹೈದರಾಬಾದು ನೋಡಿ ಬಂದ ಹೆಂಗಸಿಗೆ ಆ ಕಾಲದ ಹುಮನಾಬಾದಿನಲ್ಲಿ ಒಂದು ವಾರ ಕೆಲಸವೇ ಇರುತ್ತಿರಲಿಲ್ಲ. ಬಾವಿಗೆ ಹೋದರೆ ಅವಳ ಕೊಡವನ್ನು ಬೇರೆಯವರು ಸೇದಿಕೊಡುತ್ತಿದ್ದರು. ಅವಳು ಕಟ್ಟೆಯ ಮೇಲೆ ಕೂತು ಮಾತಾಡಿದರೆ ಸಾಕು. ಅಂಥ ಮಾತು ಕೇಳುತ್ತ ನಾನೂ ಎಷ್ಟೋ ಜನರ ಕೊಡ ತುಂಬಿಕೊಟ್ಟಿದ್ದೇನೆ. ನನ್ನ ತವರು ಕಲ್ಯಾಣ, ಆಗ ಎಲ್ಲರ ಬಾಯಲ್ಲೂ ಕಲ್ಯಾಣಿ. ಅಲ್ಲಿಂದ ಹುಮನಾಬಾದಿಗೆ ಸೊಸೆಯಾಗಿ ಬಂದದ್ದೇ ನನ್ನ ಮಟ್ಟಿಗೆ ದೊಡ್ಡ ದೇಶಾಟನೆ.

ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ. ಗುರುವಾರ ಮಧ್ಯಾಹ್ನವೇ ಕಚೇರಿಯ ಬಾಗಿಲು ಬೀಳುತ್ತಿತ್ತು. ಲಗ್ನವಾದ ಹೊಸದರಲ್ಲಿ ಅವರು, "ಒಂದ ಗುರುವಾರ ಬಸ್ ಹತ್ತಿಸ್ತೀನಿ, ಶುಕ್ರವಾರ ದಿನಾ ಪೂರ್ತಿ ಹೈದ್ರಾಬಾದ್ ತೋರಿಸ್ತೀನಿ" ಎಂದಿದ್ದರು. ಹೇಳಿದ್ದು ಪಿಸುಮಾತಿನಲ್ಲಿ, ಅದೂ ನಾನು ಊಟ ಬಡಿಸುವಾಗ. ತುಂಬಿದ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ ಊರು ತಿರುಗುವುದೆಂದರೆ ಆಗ ನಗೆಪಾಟಲು. ಹೀಗಾಗಿ ಆ ಮಾತು ಸಾರಿನಲ್ಲಿ ಕರಗಿದ ಉಪ್ಪಿನ ಹಾಗೆ ಎಲ್ಲೋ ಕರಗಿಹೋಯಿತು.

ಕೊನೆಗೆ ದಾರಿ ಮಾಡಿಕೊಟ್ಟದ್ದು ವಿಷಮಜ್ವರ. ಯುದ್ಧ ನಡೆದಿದ್ದ ವರ್ಷಗಳಲ್ಲೊಂದು ಶಿವರಾತ್ರಿಗೆ ಇವರು ಹಾಸಿಗೆ ಹಿಡಿದರು. ಎದ್ದು ಗೋಡೆ ಹಿಡಿದು ನಡೆಯುವಷ್ಟರಲ್ಲಿ ಯುಗಾದಿ ದಾಟಿತ್ತು. ಅತ್ತೆ ಹರಕೆ ಹೊರದ ದೇವರಿಲ್ಲ. ಮಾಣಿಕನಗರದ ಮಠಕ್ಕೆ ದಿನಾ ಬರಿಗಾಲಲ್ಲಿ ಹೋಗಿ ಬರುತ್ತಿದ್ದರು. ಹೈದರಾಬಾದಿನಲ್ಲಿದ್ದ ನಾದಿನಿ, ಇವರ ಅಕ್ಕ, ಬಸುರಿಯಾದ್ದರಿಂದ ಬರಲಾಗದೆ ಅಳುತ್ತಿದ್ದಾಳೆಂದು ಸುದ್ದಿ ಬಂತು. ತಮ್ಮನನ್ನು ಒಮ್ಮೆ ಕಣ್ಣಾರೆ ನೋಡಿದರೆ ಅವಳ ಜೀವ ತಂಪಾದೀತು ಎಂದು ಅತ್ತೆ ಒಪ್ಪಿದರು. ದಾರಿಯಲ್ಲಿ ಇವರ ಆರೈಕೆಗೆ ಒಬ್ಬರು ಬೇಕಲ್ಲ, ನನಗೂ ಅಪ್ಪಣೆಯಾಯಿತು.

ಬಸ್ಸಿನ ಹತ್ತಿರ ಅತ್ತೆ ನನ್ನ ಕೈಗೆ ಬುತ್ತಿಗಂಟು ಕೊಟ್ಟು ಹೇಳಿದರು: "ನನ್ನ ಮಗನ್ನ ಹ್ಯಾಂಗ ಒಯ್ಯಾಕತ್ತೀಯೋ ಹಂಗ ತಿರುಗಿ ತಂದು ಒಪ್ಪಸು. ಬಿಸಲಾಗ ತಿರುಗಿಸಬ್ಯಾಡ."

"ಹೌದ್ರಿ ಅತ್ತಿ" ಎಂದೆ. ಹೊರಟ ಸಂಭ್ರಮದಲ್ಲಿ ಏನು ಕೇಳಿದ್ದರೂ ಹೌದ್ರಿ ಎನ್ನುತ್ತಿದ್ದೆ.

ಪೆಟ್ರೋಲು ಸಿಗದ ದಿನಗಳವು. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು, ಅದರ ಹೊಗೆಯಿಂದಲೇ ಬಸ್ಸು ಓಡಬೇಕು. ಏರು ಬಂದಲ್ಲೆಲ್ಲ ಬಸ್ಸು ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು. ಗಂಡಸರು ಇಳಿದು ನೂಕಬೇಕು. ಇವರೂ ಇಳಿಯಲು ಹೋದಾಗ ಶೇರವಾನಿಯ ತುದಿ ಹಿಡಿದು ಜಗ್ಗಿ ಕೂರಿಸಿದೆ. ಹಿಂದಿನ ಸೀಟಿನ ಮುದುಕಿ ಫಕ್ಕನೆ ನಕ್ಕಳು. ನಕ್ಕರೆ ನಗಲಿ, ಒಪ್ಪಿಸಬೇಕಾದವಳು ನಾನು.

ಊರು ಬಂದಾಗ ಕತ್ತಲಾಗಿತ್ತು, ಆದರೆ ಅಲ್ಲಿ ಕತ್ತಲೆಗೆ ಬೆಲೆಯೇ ಇರಲಿಲ್ಲ. ಬೀದಿಯುದ್ದಕ್ಕೂ ಕಂಬಗಳ ಮೇಲೆ ದೀಪ. ಯಾರ ಮನೆಯ ಮುಂದೂ ಅಲ್ಲ, ಯಾರ ದೇವರಿಗೂ ಅಲ್ಲ, ಸುಮ್ಮನೆ ಹೋಗುವವರಿಗಾಗಿ ಇಷ್ಟು ದೀಪ ಉರಿಸುತ್ತಾರೆಯೇ ಎಂದು ಒಂದೊಂದೇ ಕಂಬ ಎಣಿಸುತ್ತ ಬಂದೆ. ನಾದಿನಿಯ ಮನೆಯಲ್ಲಿ ನಲ್ಲಿ ತಿರುವಿದರೆ ನೀರು. ಬಾವಿಯ ಆಳ, ಹಗ್ಗದ ಗಾಯ, ಸರದಿಯ ಜಗಳ ಒಂದೂ ಇಲ್ಲದ ನೀರು. ಸುಮ್ಮನೆ ತಿರುವುವುದು, ನಿಲ್ಲಿಸುವುದು, ಮತ್ತೆ ತಿರುವುವುದು ಮಾಡಿದೆ. "ಏ ಹುಚ್ಚಿ, ನಲ್ಲಿ ಎಲ್ಲಿಗೂ ಓಡಿ ಹೋಗಾಂಗಿಲ್ಲ. ಬಂದು ಉಣ್ಣ ಬಾ" ಎಂದಳು ನಾದಿನಿ.

ಶುಕ್ರವಾರ ಬಿಸಿಲೇರುವ ಮುಂಚೆಯೇ ಹೊರಟೆವು. ಸರ್ಕಾರಿ ತೋಟದಲ್ಲಿ ಪಂಜರದ ಸಿಂಹ ನೋಡಿದೆ. ಅದು ನಮ್ಮ ಕಡೆ ಬೆನ್ನು ಮಾಡಿ ಮಲಗಿತ್ತು, ನೊಣ ಬಂದರೆ ಬಾಲ ಆಡಿಸುತ್ತಿತ್ತು. ಬಾಲವಾದರೂ ಸಿಂಹದ್ದೇ ಎಂದು ಕೈಮುಗಿದೆ. ಚಾರಮಿನಾರಿನ ಕೆಳಗೆ ನಿಂತು ಕತ್ತೆತ್ತಿದಾಗ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಕಲ್ಯಾಣದ ಕೋಟೆಯ ನೆರಳಿನಲ್ಲಿ ಆಡಿ ಬೆಳೆದವಳು ನಾನು, ಕಲ್ಲಿಗೆ ಬೆರಗಾಗುವವಳಲ್ಲ. ಆದರೆ ನಮ್ಮ ಕೋಟೆ ನೆಲ ಹಿಡಿದು ಕೂತಿದೆ. ಇದು ಹಾರಲು ಎದ್ದು ನಿಂತ ಹಾಗಿತ್ತು. ಬಳೆಯ ಬಜಾರಿನಲ್ಲಿ ಅಂಗಡಿಗಳ ಹೊಳಪಿಗೆ ಕಣ್ಣು ಕುಕ್ಕಿ, ಯಾವುದು ಬೇಕೆಂದು ಕೇಳಿದರೆ ಎಲ್ಲದರ ಕಡೆಗೂ ಬೆರಳು ಮಾಡಿದೆ. ಇವರೇ ಹಸಿರು ಬಳೆ ಆರಿಸಿ ಕೊಡಿಸಿದರು. ಬರ್ಫು, ಅಂದರೆ ಮಂಜುಗಡ್ಡೆ, ಹಾಕಿದ ಶರಬತ್ತು ಕುಡಿದಾಗ ಹಲ್ಲು ಝುಮ್ಮೆಂದು ಕಣ್ಣಲ್ಲಿ ನೀರು ಬಂತು. "ಖಾರ ಐತೇನು?" ಎಂದು ಕೇಳಿ ನಕ್ಕರು. ಕಾಯಿಲೆಯಿಂದ ಎದ್ದ ಮೇಲೆ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಬಿಸಿಲು ತಲೆಯ ಮೇಲೆ ಬಂದಾಗ ಸಿನಿಮಾಕ್ಕೆ ಹೋದೆವು. ನೆರಳಿನಲ್ಲಿ ಕೂತಂತೆಯೂ ಆಯಿತು, ನೋಡಿದಂತೆಯೂ ಆಯಿತು ಎಂಬ ಲೆಕ್ಕ. ಹೆಂಗಸರಿಗೆ ಪರದೆ ಕಟ್ಟಿದ ಬೇರೆ ಜಾಗ, ಅದಕ್ಕೆ ಜನಾನಾ ಎನ್ನುತ್ತಿದ್ದರು. "ಆಟ ಮುಗದ ಮ್ಯಾಲ ಈ ಬಾಗಲದಾಗ ನಿಂದರು, ನಾ ಬರತೀನಿ" ಎಂದು ಹೇಳಿ ಇವರು ಗಂಡಸರ ಕಡೆ ಹೋದರು.

ಒಳಗೆ ಕಂಡದ್ದನ್ನು ಏನೆಂದು ಹೇಳಲಿ! ಗೋಡೆಯ ಮೇಲೆ ಹೊಳೆ ಹರಿಯಿತು, ಅದರ ಸದ್ದೂ ಕೇಳಿತು. ಕುದುರೆಗಳು ನನ್ನ ಮೈಮೇಲೇ ಬಂದಾಗ ಕಾಲೆತ್ತಿ ಕುರ್ಚಿಯ ಮೇಲೆ ಕೂತೆ. ಒಬ್ಬ ಹೆಂಗಸಿನ ಮುಖ ನಮ್ಮ ಮನೆಯ ಪಡಸಾಲೆಯಷ್ಟು ದೊಡ್ಡದಾಗಿ ಬಂದು, ಅವಳ ಕಣ್ಣೀರು ಕೊಡದಷ್ಟು ದಪ್ಪವಾಗಿ ಉರುಳಿತು. ಪಕ್ಕದಲ್ಲಿ ಬುರ್ಖಾ ಮೇಲೆತ್ತಿ ಕೂತಿದ್ದವಳು ಅತ್ತಳು. ಅವಳನ್ನು ನೋಡಿ ನಾನೂ ಅತ್ತೆ. ಮನುಷ್ಯರು ಇಂಥದ್ದನ್ನೂ ಮಾಡಬಲ್ಲರಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

ಆಟ ಮುಗಿಯಿತು. ನಮ್ಮ ಕಡೆ ಮನೆಯಾಗಲಿ ಗುಡಿಯಾಗಲಿ, ಬಂದ ಬಾಗಿಲಿನಿಂದಲೇ ಹೊರಗೆ ಬರುವುದು; ಹಿತ್ತಲಿನಿಂದ ಹೋಗುವವನು ಕಳ್ಳ. ಇಲ್ಲಿ ಬಂದ ಬಾಗಿಲಿಗೆ ಅಗುಳಿ ಹಾಕಿ, ಹೆಂಗಸರನ್ನೆಲ್ಲ ಹಿಂದಿನ ಗಲ್ಲಿಗೆ ಬಿಟ್ಟರು. ಇದು ನನಗೂ ಗೊತ್ತಿರಲಿಲ್ಲ, ಹೆಂಗಸನ್ನು ಸಿನಿಮಾಕ್ಕೆ ಕರೆತಂದು ರೂಢಿಯಿಲ್ಲದ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಗಲ್ಲಿಯ ತುಂಬ ಶೇರವಾನಿ, ರೂಮಿ ಟೊಪ್ಪಿಗೆ. ಹುಮನಾಬಾದಿನಲ್ಲಿ ಕಪ್ಪು ಶೇರವಾನಿ ದೂರದಲ್ಲಿ ಕಂಡರೆ ಇವರೇ ಎಂದು ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದೆ. ಇಲ್ಲಿ ಯಾರೆಂದು ಹಂಚು ಇಡಲಿ?

ಆ ಹಿಂಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹೊರಗೆ ಬಂದ ಪ್ರತಿಯೊಬ್ಬ ಹೆಂಗಸನ್ನೂ ಯಾರ ಮನೆಯವಳೆಂದು ಕೇಳಿ, ಗಲ್ಲಿಯ ಗಂಡಸರ ಕಡೆ ತಿರುಗಿ ಕೂಗುವುದು ಅವಳ ಕೆಲಸ. ಪಟ್ಟಣದವರೂ ಗಂಡನ ಹೆಸರು ಹೇಳುತ್ತಿರಲಿಲ್ಲ. ಇಂಥ ಮಗುವಿನ ಅಪ್ಪ ಎನ್ನುತ್ತಿದ್ದರು. ಮುದುಕಿ ಅದನ್ನೇ ಕೂಗುತ್ತಿದ್ದಳು, ಅಪ್ಪ ಬಂದು ಕರೆದೊಯ್ಯುತ್ತಿದ್ದ. ನನಗಿನ್ನೂ ಮಕ್ಕಳಾಗಿರಲಿಲ್ಲ. ಯಾರ ಅಪ್ಪ ಎಂದು ಹೇಳಲಿ?

"ನಾಮ್ ಬೋಲ್ ಬೇಟಿ, ನಾಮ್!" ಎಂದಳು ಮುದುಕಿ.

ಹೆಸರು ಹೇಳಬೇಕಂತೆ. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದಷ್ಟು ಸಲ ಅವನ ಆಯುಷ್ಯ ಸವೆಯುತ್ತದೆ ಎಂದು ಅವ್ವನ ಹಾಲಿನ ಜೊತೆಯೇ ಕುಡಿದವಳು ನಾನು. ಸಾವಿನ ಬಾಗಿಲು ತಟ್ಟಿ ಈಗಷ್ಟೇ ತಿರುಗಿ ಬಂದ ಗಂಡ. ಸವೆಯಲು ಇನ್ನೆಷ್ಟು ಉಳಿದಿದೆಯೋ ಯಾರಿಗೆ ಗೊತ್ತು! ನಮ್ಮಲ್ಲಿ ಹೆಸರು ಹೇಳಲು ಇರುವುದು ಒಂದೇ ದಾರಿ, ಒಡಪು. ಲಗ್ನದಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದಾಗ ಪದ ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳಿದರೆ ದೋಷವಿಲ್ಲ. ಕಣ್ಣು ಮುಚ್ಚಿ, ಅಜ್ಜಿಯ ಊರು ಮುಡಬಿಯನ್ನು ಸೇರಿಸಿ ಕಟ್ಟಿದ್ದ ನನ್ನ ಲಗ್ನದ ಒಡಪನ್ನೇ ಹೇಳಿದೆ. ಮುಡಬಿಯ ಹೊಲದಾಗ ಮುತ್ತಿನಂಥ ಜ್ವಾಳ, ಇಂಥ ರಾಯರ ಹೆಸರ ಹೇಳತೀನಿ ಕೇಳ್ರಿ ನೆರೆದ ಮ್ಯಾಳ. ಈಗ ಇಂಥ ಎಂದಲ್ಲಿ ಆಗ ಅವರ ಹೆಸರನ್ನೇ ಸೇರಿಸಿದ್ದೆ.

ಮುದುಕಿಗೆ ಕನ್ನಡ ಬರುತ್ತಿರಲಿಲ್ಲ. ಇಷ್ಟುದ್ದದಲ್ಲಿ ಹೆಸರು ಯಾವುದು ಎಂದು ತನ್ನ ಮಾತಿನಲ್ಲಿ ಕೇಳಿದಳು. ನಾನು ಮತ್ತೆ ಒಡಪು ಹೇಳಿದೆ. ಅದರಿಂದ ಹೆಸರನ್ನು ಬಿಡಿಸಿ ಕೈಗೆ ಕೊಟ್ಟರೆ ಬರಿದೇ ಹೆಸರು ಹೇಳಿದಂತೆಯೇ ಆಯಿತಲ್ಲ! ಮುದುಕಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಗಲ್ಲಿ ಖಾಲಿಯಾಯಿತು. ನಾನು ಒಬ್ಬಳೇ ಉಳಿದೆ. ಇಷ್ಟು ದೊಡ್ಡ ಊರನ್ನು ಬೆಳಗಿನಿಂದ ಬಾಯಿ ತೆರೆದು ನೋಡಿದ್ದೆ. ಈಗ ಅದೇ ಬಾಯಿ ತೆರೆದು ನನ್ನನ್ನು ನುಂಗಲು ನಿಂತಿತ್ತು.

ಮುದುಕಿ ಒಳ್ಳೆಯವಳು. ನನ್ನ ಕೈ ಹಿಡಿದು ಗಲ್ಲಿಯ ತುದಿಗೆ, ದೊಡ್ಡ ಬೀದಿಗೆ ಕರೆದೊಯ್ದಳು. ಅಲ್ಲಿ ಟಾಂಗಾಗಳು, ಸೈಕಲ್ಲುಗಳು, ಸುಡುವ ಬಿಸಿಲು. ಬೀದಿಯ ಆಚೆ ಒಂದು ಶೇರವಾನಿ ನಮಗೆ ಬೆನ್ನು ಮಾಡಿ ನಡೆಯುತ್ತಿತ್ತು. ಒಂದು ಕೈ ಗೋಡೆಯ ಮೇಲೆ. ಜ್ವರ ಬಿಟ್ಟ ಮೇಲೆ ಮನೆಯ ಪಡಸಾಲೆಯಲ್ಲಿ ಹೀಗೆಯೇ ಗೋಡೆ ಹಿಡಿದು ನಡೆದದ್ದನ್ನು ನಾನು ದಿನಾ ನೋಡಿದ್ದೆ. ನನ್ನನ್ನು ಹುಡುಕಿ ಹುಡುಕಿ ದಣಿದು, ತೂರಾಡುತ್ತ, ತಪ್ಪು ದಿಕ್ಕಿಗೆ ಹೊರಟಿದ್ದರು. ಗೋಡೆ ಮುಗಿಯಿತು. ಕೈ ಗಾಳಿಯಲ್ಲಿ ಆಸರೆ ಹುಡುಕಿತು. ಮುಂದೆ ಟಾಂಗಾಗಳು ಬರುತ್ತಿದ್ದ ದಾರಿಗೆ ಕಾಲಿಟ್ಟರು.

"ರೀ!" ಎಂದೆ. ಬೀದಿಯ ಗದ್ದಲದಲ್ಲಿ ಎಲ್ಲರೂ ರೀ, ಯಾರೂ ರೀ ಅಲ್ಲ.

ಆಗ ಕೂಗಿದೆ. ಒಡಪಿಲ್ಲ, ರಾಯರಿಲ್ಲ, ಬರೀ ಹೆಸರು. ಮುಡಬಿಯಲ್ಲಿ ಅಜ್ಜಿಯ ಹೊಲದ ಅಟ್ಟದ ಮೇಲೆ ನಿಂತು ಜೋಳದ ಹಕ್ಕಿ ಓಡಿಸಿದ ಗಂಟಲು ನನ್ನದು. ಟಾಂಗಾದ ಕುದುರೆ ಬೆದರಿ ನಿಂತಿತು. ಅದೇ ಹೆಸರಿನ ಬೇರೆ ಯಾರೋ ಒಬ್ಬರೂ ಹೊರಳಿ ನೋಡಿದರು. ಇವರು ನಿಂತರು, ತಿರುಗಿದರು. ದಾಟಿ ಬಂದು ನನ್ನೆದುರು ನಿಂತಾಗ ಮುಖವೆಲ್ಲ ಬೆವರು. ನನ್ನನ್ನು ನೋಡಿದರು, ಮುದುಕಿಯನ್ನು ನೋಡಿದರು. ಟಾಂಗಾ ಕರೆದು ನನ್ನನ್ನು ಹತ್ತಿಸಿದರು.

ಆ ಸಂಜೆ ಹುಸೇನಸಾಗರದ ಕಟ್ಟೆಯ ಮೇಲೆ ಕೂತೆವು. ಸಮುದ್ರವೇ ಇರಬೇಕೆಂದು ತಿಳಿದಿದ್ದೆ. ತಂಪು ಗಾಳಿ ಬಂತು, ಆಚೆ ದಡದ ದೀಪಗಳು ನೀರಿನೊಳಗೂ ಹತ್ತಿಕೊಂಡವು. ಬೇರೆ ಹೊತ್ತಾಗಿದ್ದರೆ ಕುಣಿಯುತ್ತಿದ್ದೆ. ಆದರೆ ನನ್ನ ಗಂಟಲಿನಿಂದ ಬಂದದ್ದು ಎಲ್ಲ ದೀಪಗಳಿಗಿಂತ ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು. ಅಂಥ ಕೂಗು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಇವರು ನನ್ನ ಕಡೆ ತಿರುಗದೆ ನೀರನ್ನೇ ನೋಡುತ್ತಿದ್ದರು. ಸಿಟ್ಟೋ, ಹೆದರಿಕೆಯೋ? ಕೇಳುವ ಧೈರ್ಯ ನನಗಿರಲಿಲ್ಲ.

ಊರಿಗೆ ಬಂದು ಒಪ್ಪಿಸಿದೆ. ಅತ್ತೆ ಮಗನ ಕೆನ್ನೆ, ಕುತ್ತಿಗೆ, ತೋಳು ಮುಟ್ಟಿ ಮುಟ್ಟಿ ನೋಡಿದರು. ಬಾವಿಕಟ್ಟೆಯಲ್ಲಿ ಸಿಂಹ, ನಲ್ಲಿ, ಸಿನಿಮಾ ಎಲ್ಲವನ್ನೂ ಹೇಳಿದೆ, ಗಲ್ಲಿಯ ಮಾತೊಂದನ್ನು ಬಿಟ್ಟು. ದಿನಾ ಬೆಳಗ್ಗೆ ಏನಾದರೊಂದು ನೆವ ಮಾಡಿ ಇವರ ಹಣೆ ಮುಟ್ಟುತ್ತಿದ್ದೆ. ಕೆಮ್ಮಿದರೆ ನನ್ನ ಎದೆ ಹಾರುತ್ತಿತ್ತು. ಮಠಕ್ಕೆ ಹೋಗುವ ಅತ್ತೆಯ ಹಿಂದೆ ನಾನೂ ಬರಿಗಾಲಲ್ಲಿ ಹೋಗತೊಡಗಿದೆ. ಸೊಸೆಗೆ ಭಕ್ತಿ ಬಂತೆಂದು ಅತ್ತೆ ನಾಲ್ಕು ಮನೆಯಲ್ಲಿ ಹೇಳಿಕೊಂಡರು.

ಮಿರಗದ ಮಳೆ ಬಿದ್ದು ಹೊಲಕ್ಕೆ ಬೀಜ ಹೋಗುವ ಹೊತ್ತಿಗೆ ಇವರ ಶೇರವಾನಿಯ ಗುಂಡಿ ಹಾಕಲು ಬಿಗಿಯಾಗತೊಡಗಿತು. ಒಂದು ದಿನ ಊಟಕ್ಕೆ ಕೂತಾಗ ಮೂರನೆಯ ರೊಟ್ಟಿಗೆ ಕೈ ಚಾಚಿದ ಮಗನನ್ನು ನೋಡಿ ಅತ್ತೆ, "ಆ ಊರಿನ ಗಾಳಿ ನಿನಗ ಹಿಡಸ್ತು ನೋಡಪಾ. ಹೋಗುವಾಗ ಕಡ್ಡಿ ಆಗಿದ್ದಿ" ಎಂದರು.

ಇವರು ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಅವ್ವಾ, ನೀ ನನಗ ಭಾಳ ಛಂದ ಹೆಸ್ರ ಇಟ್ಟೀದಿ" ಎಂದರು.

"ಇದೇನೋ ಈಗ? ಇಷ್ಟ ದಿನಾ ಗೊತ್ತಿರಲಿಲ್ಲೇನು ನಿನ್ನ ಹೆಸ್ರು?"

"ಗೊತ್ತಿತ್ತು. ಕೇಳಿರಲಿಲ್ಲ."

ಅತ್ತೆಗೆ ಏನೂ ತಿಳಿಯಲಿಲ್ಲ. ನಾನು ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ.