ನಾಕಾದವರ ಹಗ್ಗ

ನನ್ನ ನಾದಿನಿ ಸೇರಬೇಕಿದ್ದ ಕಾಲೇಜಿನ ಹುಡುಗರನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ‘ನಾಕಾದವರು’ ಎಂದೇ ಕರೆಯುತ್ತಿದ್ದರು. ಕಬಡ್ಡಿ ಪಂದ್ಯಕ್ಕೆ ಅವರು ಗೋಕಾಕದಲ್ಲಿ ಬಸ್ಸಿಳಿದರೆ ಸಾಕು, “ಏ, ನಾಕಾದವರು ಬಂದ್ರಲೇ, ಕಿಸೆ ಹಿಡ್ಕೋರಿ!” ಎಂದು ಅಲ್ಲಿಯವರು ಚುಡಾಯಿಸುತ್ತಿದ್ದರು. ಹುಕ್ಕೇರಿಯಲ್ಲಿ ಹುಟ್ಟಿ, ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಮೂಡಲಗಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ನನಗೆ ಅದು ಬರೀ ತಮಾಷೆಯ ಹೆಸರಾಗಿತ್ತು.

ಮೊದಲು ನಮ್ಮೂರಿಂದ ಹರದಾರಿ ದೂರದ ಹಳ್ಳದ ಈಚೆ ಇಂಗ್ರೇಜರ ಸೀಮೆ, ಆಚೆ ಸಂಸ್ಥಾನ. ನಡುವೆ ಹೋಗಿಬರುವವರ ಗಂಟು ತಪಾಸಿಸುವ ಕಲ್ಲು ಕಟ್ಟಡದ ನಾಕಾ, ಅದರ ಮುಂದೆ ರಸ್ತೆಗೆ ಅಡ್ಡ ಹಗ್ಗ. ಯುದ್ಧದ ವರ್ಷಗಳಲ್ಲಿ ಚೀಟಿ ಇಲ್ಲದೆ ಒಂದು ಬೊಗಸೆ ಕಾಳೂ ದಾಟುವಂತಿರಲಿಲ್ಲ. ಸಂಸ್ಥಾನ ವಿಲೀನವಾದಾಗ ಊರವರು ಆ ಹಗ್ಗ ಕಡಿದರಂತೆ. ಕಟ್ಟಡದಲ್ಲಿ ಮೊದಲು ಸಾಲೆ ಬಂತು, ಆಮೇಲೆ ಕಾಲೇಜು. ಹುಡುಗರು ಹೆಸರನ್ನೂ ಬಿಡಲಿಲ್ಲ, ಹಗ್ಗವನ್ನೂ ಬಿಡಲಿಲ್ಲ. ವರ್ಷದ ಮೊದಲ ದಿನ ಹಿರಿಯ ವಿದ್ಯಾರ್ಥಿಗಳು ಖಾಕಿ ಕೋಟು ತೊಟ್ಟು, ಬಾಗಿಲಿಗೆ ಹಗ್ಗ ಕಟ್ಟಿ, ಹೊಸಬರನ್ನು ತಡೆಯುವರು. ಹೊಸಬರು ಗಂಟು ಬಿಚ್ಚಿ ಒಂದು ಹಿಡಿ ಜೋಳ ತೋರಿಸಿ “ನಮ್ಮ ಹೊಲದ್ದು” ಎನ್ನಬೇಕು. ಆಗ ಹಗ್ಗ ಬಿಚ್ಚಿ, ಚಪ್ಪಾಳೆ ತಟ್ಟಿ ಒಳಗೆ ಕರೆದುಕೊಳ್ಳುವರು. ಜೋಳ ಹಾಸ್ಟೆಲ್ಲಿನ ರೊಟ್ಟಿಗೆ.

ನಾದಿನಿ ಕರವಸ್ತ್ರದಲ್ಲಿ ಜೋಳ ಕಟ್ಟಿಕೊಳ್ಳುವುದನ್ನು ನೋಡಿ ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು.

“ನಿಮ್ಮ ಮಾವಾರ ಮುಂದ ಈ ಜ್ವಾಳದ ಮಾತ ತೆಗೀಬ್ಯಾಡ ಯವ್ವಾ,” ಎಂದರು ನನಗೆ, ತಗ್ಗಿದ ದನಿಯಲ್ಲಿ. “ನಾಕಾ ಇದ್ದಾಗ ಇಕಿ ಎದಿಕೂಸು. ಆಚಿ ದಂಡಿ ಹೊಲದ್ದ ನಮ್ಮದ ಜ್ವಾಳ, ಇಕಿನ್ನ ಸುತ್ತಿದ್ದ ಕೌದ್ಯಾಗ ಇಟ್ಕೊಂಡಿದ್ದೆ ನಾನು. ನಾಕಾದವ ಕೂಸಿನ್ನ ಕಸ್ಕೊಂಡ ಬಿಟ್ಟ. ನಿಮ್ಮ ಮಾವಾರು ತಾವ ಇಟ್ಟಿದ್ದು ಅಂದ್ರು. ಮಧ್ಯಾಹ್ನದ ತನಕ ಬಿಸಲಾಗ ಕುಕ್ಕರಗಾಲಾಗ ಕುಂದರ್ಸಿದ್ರು, ರುಮಾಲು ತೆಗಿಸಿ. ಅವತ್ತಿನಿಂದ ಆ ದಾರಿ ತುಳದಿಲ್ಲ.”

ಮೂರು ತಿಂಗಳು ಮಗಳು ಅತ್ತು ಕರೆದ ಮೇಲಷ್ಟೇ ಮಾವ ಕಾಲೇಜಿಗೆ ಹೂಂ ಎಂದಿದ್ದರು. “ಒಂದ ಚೂರು ಹೆಚ್ಚುಕಮ್ಮಿ ಕಂಡ್ರ ಅಲ್ಲಿಂದನ ಹೊಳ್ಳಿ ಕರ್ಕೊಂಡ ಬರಾಂವ,” ಎಂದೂ ಹೇಳಿದ್ದರು. ಹಗ್ಗದ ಆಟ ಅವರಿಗೆ ತಿಳಿದಿರಲಿಲ್ಲ. ಹೇಳಿದರೆ ಮಗಳನ್ನು ಕಳಿಸುವುದೇ ಇಲ್ಲವೆಂದು ನಾವು ಮೂವರೂ ಹೆಂಗಸರು ಬಾಯಿ ಮುಚ್ಚಿಕೊಂಡೆವು.

ಇಂಗ್ಲಿಷಿನ ಫಾರ್ಮು ತುಂಬಲು ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಮಾವ ಎರಡೂ ಪಾದಗಳನ್ನು ಒಂದರ ಮೇಲೊಂದಿಟ್ಟು ಮುದುಡಿ ಕುಳಿತಿದ್ದರು. ಇಳಿದ ಮೇಲೆ ಅವರನ್ನು ಬೇವಿನ ಗಿಡದ ಕೆಳಗೆ ಕೂರಿಸಿ ನಾವಿಬ್ಬರೇ ಹೋಗುವುದೆಂದು ಲೆಕ್ಕ ಹಾಕಿದ್ದೆ. ಅವರು ಕೂರಲಿಲ್ಲ. ಮಗಳ ಹಿಂದೆಯೇ ಬಂದರು.

ಬಾಗಿಲಲ್ಲಿ ಸೀಟಿ ಕೇಳಿಸಿತು. ಹಗ್ಗ ಬಿಗಿಯಾಯಿತು.

“ನಿಂದರ್ರಿ! ಯಾವ ಸೀಮಿ ಹದ್ದಿನವರು? ಬಿಚ್ಚರಿ ಗಂಟ!” ಎಂದ ಖಾಕಿ ಕೋಟಿನ ವಿದ್ಯಾರ್ಥಿ, ಮೀಸೆಗೆ ಕಾಡಿಗೆ ಹಚ್ಚಿಕೊಂಡವನು. ಸುತ್ತ ನಿಂತವರು ನಗುತ್ತಿದ್ದರು.

ನಾದಿನಿ ನಗುತ್ತಲೇ ಕರವಸ್ತ್ರ ಬಿಚ್ಚಿದಳು. ಜೋಳ ಕಂಡಿತು. ಅವಳು ಬಾಯಿ ತೆರೆಯುವ ಮೊದಲೇ ಮಾವ ಅವಳನ್ನು ಹಿಂದಕ್ಕೆಳೆದು ಮುಂದೆ ಬಂದರು.

“ಅದು ನಂದರಿ. ಕೂಸಿಗೇನೂ ಗೊತ್ತಿಲ್ಲ. ನಾನ ಇಟ್ಟಿದ್ದು.”

ರುಮಾಲು ತೆಗೆದು ನೆಲದ ಮೇಲಿಟ್ಟರು. ಚಪ್ಪಲಿ ಬಿಟ್ಟರು. ಕುಕ್ಕರಗಾಲಿನಲ್ಲಿ ಕುಳಿತರು. ಯಾರೂ ಹೇಳದಿದ್ದರೂ ಕೈಗಳು ಮೊಣಕಾಲ ಮೇಲೆ ತಾವಾಗಿಯೇ ಹೋದವು.

ಯಾರೋ ಒಬ್ಬ “ಕಾಕಾ ಭಾರೀ ನಾಟಕ ಮಾಡ್ತಾರಲೇ!” ಎಂದ. ಆಮೇಲೆ ಮಾವನ ತೊಡೆ ನಡುಗುವುದು ಅವನಿಗೂ ಕಂಡಿತು. ನಗು ನಿಂತಿತು. ಕಾಡಿಗೆ ಮೀಸೆಯವನು ಹಗ್ಗವನ್ನು ಕೈಯಿಂದ ಬಿಟ್ಟೇಬಿಟ್ಟ.

“ಏಳ್ರಿ ಕಾಕಾ, ಇದು ಆಟರಿ… ಖರೆ ಅಲ್ಲರಿ.”

ಮಾವ ಏಳಲಿಲ್ಲ. ಮಗಳು ಹೊಸ ಸೀರೆಯಲ್ಲೇ ಮಣ್ಣಿನ ಮೇಲೆ ಅವರೆದುರು ಕುಳಿತು, “ಅಪ್ಪಾ, ನಾನು ಅಪ್ಪಾ,” ಎನ್ನುತ್ತ ಅವರ ಕೈ ಬಿಡಿಸಿದಳು. ಎಷ್ಟೋ ಹೊತ್ತಿನ ಮೇಲೆ ಅವರು ಎದ್ದರು. ಎದ್ದವರು ಅವಳ ಮಣಿಕಟ್ಟು ಹಿಡಿದು ಬಸ್ಸಿನ ಕಡೆಗೇ ತಿರುಗಿದರು. ಅವಳು ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ಮಾತ್ರ ನೋಡಿದಳು.

ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾನು ಮಾವನ ಎದುರು ನಿಂತು ಮಾತಾಡಿದ್ದಿಲ್ಲ. ಅವತ್ತು ಸೆರಗು ಎಳೆದುಕೊಂಡು ದಾರಿಗೆ ಅಡ್ಡ ನಿಂತೆ.

“ಮಾವಾರ, ಅಕಿನ್ನ ಒಳಗ ಬಿಡ್ರಿ. ಅಕಿ ಹೊರಗ ಬರೂ ತನಕ ನಾವಿಬ್ಬರೂ ಇಲ್ಲೇ ಕುಂದರೂಣ. ಯಾರ ಏನ ಮಾಡ್ತಾರೋ ನೋಡೇಬಿಡೂಣ.”

ಅವರು ನನ್ನನ್ನು ಬಯ್ಯುವರೆಂದೇ ಕಾದೆ. ಅವರು ಕಟ್ಟಡದ ಸರಳಿನ ಕಿಟಕಿಯನ್ನು ನೋಡಿದರು. ಹಿಡಿದ ಕೈ ಸಡಿಲಾಯಿತು.

ಸಂಜೆಯ ತನಕ ನಾವು ಬಾಗಿಲೆದುರು ಕುಳಿತೆವು. ಹುಡುಗರು ಫಾರ್ಮು ಹೊರಗೇ ತಂದರು, ಅಲ್ಲೇ ಕುಳಿತು ತುಂಬಿಕೊಟ್ಟೆ. ಚಹಾ ತಂದಿಟ್ಟರು, ಮಾವ ಮುಟ್ಟಲಿಲ್ಲ. ಗಂಟೆ ಹೊಡೆದಾಗಲೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. ನನಗೂ ಧೈರ್ಯವೇನಿರಲಿಲ್ಲ. ಅವರ ನಡುಕ ನೋಡಿ ನೋಡಿ ಆ ಕಿಟಕಿಯ ಹಿಂದೆ ಯಾರೋ ನಿಂತಿದ್ದಾರೆಂದೇ ನನಗೂ ಅನ್ನಿಸತೊಡಗಿತ್ತು.

ಅವಳು ಎರಡು ಪುಸ್ತಕ ಎದೆಗವಚಿಕೊಂಡು ಹೊರಬಂದಳು. ಮಾವ ಅವಳ ಎರಡೂ ಕೈಗಳನ್ನು ಹೊರಳಿಸಿ ಹೊರಳಿಸಿ ನೋಡಿದರು.

“ನಾಳೆ ಮತ್ತ ಬರೂದೈತೇನು?”

“ಐತಿ ಅಪ್ಪಾ. ದಿನಾ ಐತಿ.”

“ಹಂಗಾರ ನಾನೂ ಬರ್ತೇನಿ,” ಎಂದರು. ಬಸ್ಸು ಬರುವವರೆಗೂ ಬಾಗಿಲಿಗೆ ಬೆನ್ನು ಮಾಡಲಿಲ್ಲ.