ಡ್ರಮ್ಮಿನಲ್ಲಿದ್ದ ಸವತಿ

ನನಗೊಬ್ಬಳು ಸವತಿ ಇದ್ದಳು. ತಳಕ್ಕೆ ತೂತು ಹೊಡೆದ ಎಣ್ಣೆ ಡ್ರಮ್ಮಿನಲ್ಲಿ, ನಮ್ಮ ಲೈನ್ ಮನೆಯ ಬಾಗಿಲಲ್ಲೇ ನಿಂತಿರುತ್ತಿದ್ದಳು. ದಾಳಿಂಬೆ ಗಿಡ.

ಐವತ್ತರ ದಶಕದ ಕೊನೆಯ ಮಾತು. ನಾನು ಬಂಗಾರಪೇಟೆಯಿಂದ ಮದುವೆಯಾಗಿ ಕೆಜಿಎಫ್‌ಗೆ ಬಂದ ವರ್ಷವೇ ನಮ್ಮವರು ಅದನ್ನೂ ಸಂತೆಯಿಂದ ತಂದರು. ಗಣಿ ಕೆಲಸದವರ ಸಾಲುಮನೆಗಳ ಆ ಲೈನಿನ ನೆಲ ಬರೀ ಕಲ್ಲು, ಗುದ್ದಲಿ ಇಳಿಯುವುದಿಲ್ಲ. ಅದಕ್ಕೇ ಡ್ರಮ್ಮು. ಬೂದಿಕೋಟೆ ಬಸ್ಸಿನ ಮೇಲೆ ಮೂಟೆಯಲ್ಲಿ ಕೆರೆಮಣ್ಣು ತರಿಸಿ, ಸಗಣಿಗೊಬ್ಬರ ಬೆರೆಸಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೆಟ್ಟರು. ನನ್ನನ್ನು ಮನೆ ತುಂಬಿಸಿಕೊಂಡಾಗಲೂ ಅಷ್ಟು ಸಡಗರ ಇರಲಿಲ್ಲ.

ಗಣಿಯಿಂದ ಮೇಲೆ ಬಂದವರು ಮೊದಲು ಕೇಳುತ್ತಿದ್ದುದು, "ಗಿಡಕ್ಕೆ ನೀರು ಆಕಿದ್ಯಾ?" ಎಂದು. ಕೊಳಾಯಿಯ ಸಾಲಿನಲ್ಲಿ ಬಿಸಿಲಿಗೆ ನಿಂತು ಆ ನೀರು ತಂದವಳು ಉಂಡಳೋ ಇಲ್ಲವೋ, ಕೇಳುವವರಿಲ್ಲ. ಬೇಸಿಗೆಯಲ್ಲಿ ಗಿಡ ಬಾಡೀತೆಂದು ಡ್ರಮ್ಮನ್ನು ತಬ್ಬಿ ನೆರಳಿಗೆ ಸರಿಸುತ್ತಿದ್ದರು. ತಬ್ಬಿ! ನನಗೆ ಹೊಟ್ಟೆ ಉರಿಯುತ್ತಿತ್ತು. ಗಿಡದ ಮೇಲೂ ಹೊಟ್ಟೆಕಿಚ್ಚೇ ಎಂದು ನಗುವವರು ನಗಲಿ.

ಮೂರು ವರ್ಷ ಕಳೆದರೂ ಅದು ಹೂಬಿಟ್ಟು ಉದುರಿಸುತ್ತಿತ್ತೇ ಹೊರತು ಕಾಯಿ ಕಚ್ಚಲಿಲ್ಲ. ನನ್ನ ಮಡಿಲೂ ತುಂಬಿರಲಿಲ್ಲ. ಗಿಡಕ್ಕೆ ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಅತ್ತೆ ದಿನಾ ಅನ್ನುತ್ತಿದ್ದರು. ಎದುರಿಗೇ ಕೂತ ಅವರ ಮಗ ಊಟದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಗೆ ಅತ್ತೆಯೇ ತಮ್ಮ ಊರಿನ ಶಾಸ್ತ್ರ ಮಾಡಿಸಿದರು. ಕಾಯಿ ಬಿಡದ ಗಿಡವನ್ನು ಒಬ್ಬರು ಮಚ್ಚು ಹಿಡಿದು ಕಡಿಯುತ್ತೇನೆಂದು ಹೆದರಿಸಬೇಕು, ಇನ್ನೊಬ್ಬರು ಗಿಡದ ಪರವಾಗಿ ಬೇಡಿಕೊಳ್ಳಬೇಕು. ಹೆದರಿದ ಗಿಡ ಮುಂದಿನ ವರ್ಷ ಕಾಯಿ ಬಿಡುತ್ತದಂತೆ. ಮಚ್ಚು ನನ್ನ ಕೈಗೆ ಬಂತು, ಬೇಡಿಕೊಳ್ಳುವ ಪಾಲು ನಮ್ಮವರಿಗೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ. ಬೈಗುಳವನ್ನೂ ಹುಡುಕಬೇಕಾಗಲಿಲ್ಲ, ಅತ್ತೆ ನನಗೆ ಅಂದದ್ದನ್ನೇ ಗಿಡಕ್ಕೆ ಅಂದೆ: "ಮೂರೊರ್ಸ ಆಯ್ತು, ತಿಂದಿದ್ದೇ ಬಂತು. ನಿನ್ನ ಇಟ್ಕೊಂಡು ಏನ್ ಮಾಡಾದು? ಕಿತ್ತಾಕಿ ಬ್ಯಾರೇದು ತತ್ತೀವಿ!" ಮಚ್ಚಿನ ಹಿಂಬದಿಯಿಂದ ಕಾಂಡಕ್ಕೆ ಒಂದು ಬಿಟ್ಟೆ.

ನಮ್ಮವರು ಓಡಿಬಂದು ನನ್ನ ಕೈ ಹಿಡಿದರು. "ಬ್ಯಾಡ ಕಣಮ್ಮಿ, ಬುಟ್ಬುಡು. ಇನ್ನೂ ಎಳೇದು. ಅದರದೇ ತಪ್ಪು ಅಂತ ಎಂಗೇಳ್ತೀಯಾ? ಯಾರೂ ಅದನ್ನ ಏನೂ ಅನ್ಬ್ಯಾಡಿ. ಅದಕ್ಕೆ ನಾನಿದೀನಿ."

ಶಾಸ್ತ್ರಕ್ಕೆ ಒಂದು ಮಾತು ಸಾಕಿತ್ತು. ಇವರ ಬಾಯಲ್ಲಿ ಇಷ್ಟೊಂದು ಮಾತಿದೆಯೆಂದು ನನಗೆ ಗೊತ್ತಾದದ್ದೇ ಅವತ್ತು.

ಕೈ ಬಿಡಿಸಿಕೊಂಡು ಮಚ್ಚನ್ನು ಅತ್ತೆಯ ಮುಂದೆ ಹಿಡಿದೆ. "ತಗಳಿ ಅತ್ತೆ, ಈಗ ನನಗೆ ಬಯ್ರಿ. ನನ್ನ ಪರವಾಗಿ ಇವ್ರು ಏನ್ ಬೇಡ್ಕೋತಾರೋ ಕೇಳಾಣ."

ಅತ್ತೆ ಮಚ್ಚು ಮುಟ್ಟಲಿಲ್ಲ. ನಮ್ಮವರು ಬಗ್ಗಿ, ನನ್ನ ಏಟಿಗೆ ಉದುರಿದ್ದ ಎಲೆಯೊಂದನ್ನು ಎತ್ತಿ, ಡ್ರಮ್ಮಿನ ಮಣ್ಣಿನ ಮೇಲೆ ಮೆಲ್ಲಗೆ ಇಟ್ಟರು.